ಕಾಯಿಲ್ ಅಕ್ಕ ಕಟ್ಟಿದ ಆಂಪ್ಲಿಫೈಯರ್

ಆ ಬೀದಿಯಲ್ಲಿ ಮೋಟಾರು ಸುಟ್ಟುಹೋದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ನೀರೆತ್ತುವ ಪಂಪಾಗಲಿ, ಗಿರಣಿಯ ದೊಡ್ಡ ಮೋಟಾರಾಗಲಿ, ಮನೆಯ ಫ್ಯಾನಾಗಲಿ, ಹೊತ್ತುಕೊಂಡು ಹೋಗಿ ಸುಟ್ಟ ಕಾಯಿಲಿಗೆ ಹೊಸ ತಂತಿ ಸುತ್ತಿಕೊಡುವ ಮೂಲೆಯ ವೈಂಡಿಂಗ್ ಅಂಗಡಿಯ ಮೆಟ್ಟಿಲ ಮೇಲಿಟ್ಟು, "ಅಕ್ಕಾ, ಇದೊಂಚೂರು ನೋಡಿ" ಎಂದು ಹೇಳಿ ಬಂದರೆ ಮುಗಿಯಿತು. ಅಂಗಡಿಗೆ ಹೆಸರಿನ ಹಲಗೆಯೂ ಇತ್ತು. ವಾರ್ನಿಷ್ ಹೊಗೆ ಕೂತು ಅದರ ಅಕ್ಷರ ಕಾಣದೆ ಎಷ್ಟೋ ಕಾಲವಾಗಿತ್ತು, ಒರೆಸಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ. ಎಲ್ಲರ ಬಾಯಲ್ಲೂ ಅದು ಕಾಯಿಲ್ ಅಕ್ಕನ ಅಂಗಡಿ.

ಅಕ್ಕ ತಂತಿ ಸುತ್ತಲು ಕೂತಾಗ ಮಾತಾಡಿಸುವಂತಿಲ್ಲ. ಬಲಗೈ ಹಿಡಿಕೆ ತಿರುಗಿಸುತ್ತದೆ, ಎಡಗೈ ಬೆರಳ ಸಂದಿಯಿಂದ ತಾಮ್ರದ ತಂತಿ ಜಾರುತ್ತದೆ, ತುಟಿ ಸದ್ದಿಲ್ಲದೆ ಸುತ್ತು ಎಣಿಸುತ್ತದೆ. ಯಾರಾದರೂ ಬಾಯಿ ತೆರೆದರೆ ಕಣ್ಣು ಅಲ್ಲಾಡದೆ ಒಂದು ಬೆರಳು ಮಾತ್ರ ಮೇಲೇಳುತ್ತದೆ. ಆ ಬೆರಳಿಗೆ ಗಿರಣಿಯ ಯಜಮಾನನೂ ಬಾಯಿ ಮುಚ್ಚಿ ನಿಲ್ಲುತ್ತಿದ್ದ. ಎಣಿಕೆ ತಪ್ಪಿ ಸುತ್ತಿದ್ದನ್ನು ಬಿಚ್ಚಿದ್ದು ಅವಳ ಜನ್ಮದಲ್ಲೇ ಇಲ್ಲ. ಈ ಎಣಿಸುವ ಚಟ ಅಂಗಡಿಗೆ ಬೀಗ ಹಾಕಿದ ಮೇಲೂ ಬಿಡುತ್ತಿರಲಿಲ್ಲ. ಮೆಟ್ಟಿಲು ಹತ್ತುವಾಗ, ಹಾಲು ಉಕ್ಕುವುದನ್ನು ಕಾಯುವಾಗ, ನಲ್ಲಿ ತೊಟ್ಟಿಕ್ಕುವಾಗ, ಎಲ್ಲದಕ್ಕೂ ತುಟಿ ಅಲ್ಲಾಡಬೇಕು. "ಇವಳು ನಿದ್ದೇಲೂ ಸುತ್ತುತ್ತಾಳೆ, ನಾನೇ ನೋಡಿದೀನಿ" ಎಂದು ಗಂಡ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಎಣಿಕೆಯಷ್ಟೇ ಹೆಸರುವಾಸಿಯಾದದ್ದು ಅವಳ ಕಟ್ಟು. ಸುತ್ತು ಮುಗಿದ ಮೇಲೆ ಹೊರಬಂದ ತಂತಿಗಳನ್ನೆಲ್ಲ ಒಟ್ಟು ಸೇರಿಸಿ, ಮೇಣ ಹಚ್ಚಿದ ದಾರದಿಂದ ಗಂಟು ಗಂಟಾಗಿ ಬಿಗಿಯುತ್ತಿದ್ದಳು. ಗಂಟುಗಳ ನಡುವಿನ ಅಂತರ ಒಂದು ಕೂದಲಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. ಬೇರೆ ಅಂಗಡಿಯವರು ಅವಳ ಮೋಟಾರು ಬಿಚ್ಚಿದರೆ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿದ್ದರಂತೆ. ಅಂಗಡಿಯ ಹಿಂದೆಯೇ ಇದ್ದ ಮನೆಯಲ್ಲಿ ಈ ಕಟ್ಟಿಗೆ ಅಷ್ಟು ಮರ್ಯಾದೆ ಇರಲಿಲ್ಲ. ಚೀಲದ ಕಿವಿ, ಇಸ್ತ್ರಿಪೆಟ್ಟಿಗೆಯ ವೈರು, ಗಂಡನ ಗಿಟಾರಿನ ವೈರು, ಕಣ್ಣಿಗೆ ಬಿದ್ದದ್ದೆಲ್ಲ ಸುರುಳಿಯಾಗಿ ದಾರ ಬಿಗಿಸಿಕೊಂಡು ಕೂತಿರುತ್ತಿತ್ತು. ಗಂಟು ಹುಡುಕಿ ಬಿಚ್ಚುವಷ್ಟರಲ್ಲಿ ಗಂಡನಿಗೆ ಸಾಕುಸಾಕಾಗುತ್ತಿತ್ತು.

ಗಂಡ ಸಿಟಿ ಬಸ್ಸಿನ ಡ್ರೈವರ್. ವಾರವೆಲ್ಲ ಸ್ಟೇರಿಂಗು, ಶನಿವಾರ ಸಂಜೆ ಗಿಟಾರು. ರೈಲ್ವೆ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನಲ್ಲಿ ಮೂವರು ಸೇರಿ ನುಡಿಸುತ್ತಿದ್ದರು. ಒಬ್ಬ ಡ್ರಮ್ಮು, ಒಬ್ಬ ಕೀಬೋರ್ಡು, ಇವನು ಎಲೆಕ್ಟ್ರಿಕ್ ಗಿಟಾರು. ನಡುವೆ ಊಟದ ಟ್ರೇಯಷ್ಟು ಅಗಲದ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್. ಬಲ್ಬಿನಂಥ ಗಾಜಿನ ವಾಲ್ವುಗಳು ಒಳಗೆ ಕೆಂಪಗೆ ಕಾದು, ಗಿಟಾರಿನ ಸಣ್ಣ ದನಿಯನ್ನು ಹಿಗ್ಗಿಸಿ ಹೊರಗೆ ಬಿಡುವ ಪೆಟ್ಟಿಗೆ. ಅದರಲ್ಲಿ ಅವನ ಗಿಟಾರು ಹೇಗೆ ಕೇಳುತ್ತಿತ್ತು ಎಂದು ಊರಿಗೆಲ್ಲ ಗೊತ್ತಿತ್ತು. ಗಿರಣಿಯವನು ಕೇಳಿದ್ದ, ಹಾಲಿನವಳು ಕೇಳಿದ್ದಳು, ಮಹಡಿ ಮೇಲೆ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದ ನಾದಿನಿಯಂತೂ ತಿಂಗಳಿಗೊಮ್ಮೆ ಹೋಗಿ ಅಣ್ಣನ ಎದುರಿಗೇ ಕೂತು ಕೇಳಿ ಬರುತ್ತಿದ್ದಳು. ಕೇಳದವಳು ಒಬ್ಬಳೇ, ಕಾಯಿಲ್ ಅಕ್ಕ.

ಕೇಳಬಾರದು ಅಂತೇನಿಲ್ಲ. ಶನಿವಾರ ಸಂಜೆ ಅಂದರೆ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲದ ಹೊತ್ತು. ವಾರದ ಮೋಟಾರುಗಳನ್ನೆಲ್ಲ ಒಯ್ಯಲು ಜನ ಬರುವುದು ಆಗಲೇ. ಆಂಪ್ಲಿಫೈಯರ್ ಹೋಟೆಲಿನಲ್ಲೇ ಇರುತ್ತಿತ್ತು. ಮನೆಯಲ್ಲಿ ಗಂಡ ಬರಿಯ ತಂತಿ ಮೀಟಿ ಅಭ್ಯಾಸ ಮಾಡುವಾಗ ಅವಳ ಕಿವಿಗೆ ಬೀಳುತ್ತಿದ್ದದ್ದು ಟಿಕ್ ಟಿಕ್ ಅನ್ನುವ ಒಣ ಸದ್ದು ಮಾತ್ರ. ಒಂದು ಸಲ ಗಟ್ಟಿ ಮನಸ್ಸು ಮಾಡಿ ಬೇಗ ಬಾಗಿಲು ಹಾಕಿ, ಸೀರೆ ಬದಲಾಯಿಸಿ, ಬೀದಿಯ ತಿರುವಿನವರೆಗೂ ಹೋಗಿದ್ದಳು. ಅಲ್ಲಿ ಗಿರಣಿಯವನು ಸುಟ್ಟ ಮೋಟಾರನ್ನು ಕೈಗಾಡಿಯಲ್ಲಿ ತಳ್ಳಿಕೊಂಡು ಬರುತ್ತಿದ್ದ. ಅವಳು ಹಿಂದಿರುಗಿದಳು. "ಬರೋ ಶನಿವಾರ ಖಂಡಿತ ಬರ್ತೀನಿ ರೀ" ಎಂದು ರಾತ್ರಿ ಮನೆಗೆ ಬಂದ ಗಂಡನಿಗೆ ಹೇಳಿದಳು. ಅವನು ಇನ್ನೂ ಹೇಳಿರಲಿಲ್ಲ, ಅದೇ ಸಂಜೆ ಹೋಟೆಲಿನಲ್ಲಿ ಆಂಪ್ಲಿಫೈಯರಿನಿಂದ ಹೊಗೆ ಎದ್ದಿತ್ತು. ಬರೋ ಶನಿವಾರದ ಹೊತ್ತಿಗೆ ಹೋಟೆಲಿನವನು ಗೋಡೆಗೆ ಸ್ಪೀಕರ್ ಹಾಕಿಸಿ, ರೆಕಾರ್ಡ್ ಹಾಡು ಹಚ್ಚಿ, ಮೂವರಿಗೂ ಕೈಮುಗಿದಿದ್ದ.

ಸತ್ತ ಆಂಪ್ಲಿಫೈಯರ್ ಮನೆಗೆ ಬಂದು ಮಂಚದ ಕೆಳಗೆ ಸೇರಿತು. ಗಿಟಾರು ಕಪಾಟಿನ ತಲೆಯ ಮೇಲೆ ಹೋಗಿ ಕೂತಿತು. ಅದರ ಮೇಲೆ ನಾದಿನಿ ಹೊಲಿದುಕೊಟ್ಟ ಗವುಸು. ಗಂಡ ಅದರ ಮಾತು ಎತ್ತಲಿಲ್ಲ, ಅಕ್ಕನೂ ಎತ್ತಲಿಲ್ಲ. ಅವಳ ಎದೆಯಲ್ಲಿ ಮಾತ್ರ ಆ ಬರೋ ಶನಿವಾರ ಮುಳ್ಳಿನ ಹಾಗೆ ಕೂತುಬಿಟ್ಟಿತು. ಊರಿಗೆ ಊರೇ ಕೇಳಿದ್ದನ್ನು ತಾನು ಕೇಳಲಿಲ್ಲ, ಇನ್ನು ಕೇಳುವುದೂ ಇಲ್ಲ ಎಂದು ನೆನೆದಾಗಲೆಲ್ಲ ಅವಳಿಗೆ ಅಳು ಬರುವಂತಾಗುತ್ತಿತ್ತು. ಅಳುವ ಜಾಯಮಾನದವಳಲ್ಲ, ಹಾಗಾಗಿ ಇನ್ನೊಂದು ಮೋಟಾರು ಎತ್ತಿಕೊಳ್ಳುತ್ತಿದ್ದಳು.

ಗಂಡ ನಿವೃತ್ತನಾಗುವ ವರ್ಷ ಬಂತು. ಡಿಪೋದವರು ವರ್ಕ್‌ಶಾಪಿನಲ್ಲೇ ಸಣ್ಣದೊಂದು ಬೀಳ್ಕೊಡುಗೆ ಇಟ್ಟುಕೊಳ್ಳುತ್ತೇವೆ, ನೀವು ಗಿಟಾರು ನುಡಿಸಲೇಬೇಕು ಎಂದು ಗಂಟು ಬಿದ್ದರು.

"ಪೆಟ್ಟಿಗೇನೇ ಇಲ್ಲವಲ್ಲಪ್ಪ" ಎಂದ ಇವನು.

"ಹೊಸದು ಬಾಡಿಗೆಗೆ ಸಿಗುತ್ತಲ್ಲ ಗುರುಗಳೇ."

"ಅದರಲ್ಲಿ ನುಡಿಸಿದ್ರೆ ಬೇರೆ ಯಾರೋ ನುಡಿಸಿದ ಹಾಗಿರುತ್ತೆ. ಬಿಡಿ, ನಾಲ್ಕು ಮಾತಾಡಿ ಬಿಡ್ತೀನಿ."

ಮನೆಗೆ ಬಂದು ಊಟ ಮಾಡುತ್ತ ಇದನ್ನು ಹೇಳಿದ, ಏನೂ ಅಲ್ಲ ಅನ್ನುವ ಹಾಗೆ. ಅಕ್ಕ ಕೈ ತೊಳೆದವಳೇ ಮಂಚದ ಕೆಳಗೆ ತಲೆ ಹಾಕಿ ಹಳೆಯ ಆಂಪ್ಲಿಫೈಯರನ್ನು ಎಳೆದು, ಹಿಂದಿನ ಹಲಗೆ ಬಿಚ್ಚಿದಳು.

"ಅಯ್ಯೋ ಶಿವನೇ!" ಎಂದು ಹಣೆ ಚಚ್ಚಿಕೊಂಡಳು.

"ಏನಾಯ್ತೇ?"

"ಯಾವ ಕುಡುಕ ರೀ ಇದನ್ನ ಕಟ್ಟಿದ್ದು? ಕಾಗೆ ಗೂಡು ಕಟ್ಟಿದ ಹಾಗಿದೆಯಲ್ಲ! ಒಂದು ತಂತಿ ಆ ಮೂಲೆಗೆ, ಒಂದು ಈ ಮೂಲೆಗೆ, ಎರಡು ಗಾಳೀಲಿ ನೇತಾಡ್ತಿವೆ. ಸುಟ್ಟುಹೋಗದೆ ಇನ್ನೇನಾಗುತ್ತೆ?"

ಎರಡು ಟ್ರಾನ್ಸ್‌ಫಾರ್ಮರೂ ಕರಕಲಾಗಿದ್ದವು. ತಗಡಿಗೆ ತುಕ್ಕು. ವಾಲ್ವೊಂದು ಒಡೆದಿತ್ತು. ಸ್ಪೀಕರ್ ಒಂದು ಮಾತ್ರ ಜೀವ ಹಿಡಿದುಕೊಂಡಿತ್ತು. "ಇದನ್ನ ರಿಪೇರಿ ಮಾಡಲ್ಲ" ಎಂದಳು ಅಕ್ಕ. ಗಂಡನ ಮುಖ ಸಣ್ಣಗಾಯಿತು. "ಹೊಸದೇ ಕಟ್ತೀನಿ. ಇದೇ ಥರದ್ದು. ಆದ್ರೆ ನೋಡೋ ಹಾಗೆ."

ಅಲ್ಲಿಂದ ಶುರುವಾಯಿತು ಮನೆಯಲ್ಲಿ ಪೆಟ್ಟಿಗೆ ಪುರಾಣ. ಟ್ರಾನ್ಸ್‌ಫಾರ್ಮರಿನ ಮಟ್ಟಿಗೆ ಅಕ್ಕನಿಗೆ ಯಾರ ಹಂಗೂ ಇರಲಿಲ್ಲ. ಕರಕಲಾದದ್ದನ್ನು ಒಂದೊಂದೇ ಸುತ್ತು ಬಿಚ್ಚುತ್ತ ಎಣಿಸಿಕೊಂಡು, ಅಷ್ಟೇ ಸುತ್ತು ಹೊಸ ತಂತಿಯಲ್ಲಿ ಸುತ್ತಿದಳು. ಸ್ಪೀಕರಿಗೆ ಹೋಗುವ ಟ್ರಾನ್ಸ್‌ಫಾರ್ಮರಿನ ತಂತಿ ತಲೆಗೂದಲಿಗಿಂತ ಸಣ್ಣದು, ಉಸಿರು ಜೋರಾಗಿ ಬಿಟ್ಟರೆ ತುಂಡಾಗುವಂಥದ್ದು. ಅದನ್ನು ಸುತ್ತಿದ ಭಾನುವಾರ ಮನೆಯಲ್ಲಿ ಯಾರಿಗೂ ಕೆಮ್ಮಲು ಅಪ್ಪಣೆ ಇರಲಿಲ್ಲ. ಪದರದಿಂದ ಪದರಕ್ಕೆ ತೆಳು ಕಾಗದ ಇಟ್ಟು, ವಾರ್ನಿಷಿನಲ್ಲಿ ಅದ್ದಿ, ಅಂಗಡಿಯ ಒಲೆಯಲ್ಲಿ ಬೇಯಿಸಿ ತೆಗೆದಳು.

ವಾಲ್ವುಗಳಿಗೆ ಗಂಡನನ್ನು ಗುಜರಿಯವನ ಹತ್ತಿರ ಅಟ್ಟಿದಳು. ಗುಜರಿಯವನು ಹಳೇ ರೇಡಿಯೋಗಳಿಂದ ಕಿತ್ತ ವಾಲ್ವುಗಳನ್ನು ಮೊಟ್ಟೆಯ ಟ್ರೇಯಲ್ಲಿ ಜೋಡಿಸಿಟ್ಟಿದ್ದ. "ಇದು ಕೆಲಸ ಮಾಡುತ್ತಾ?" ಎಂದು ಕೇಳಿದ್ದಕ್ಕೆ, "ಅಲ್ಲಾಡಿಸಿದ್ರೆ ಗಲಗಲ ಅನ್ನದಿದ್ರೆ ಮಾಡುತ್ತೆ" ಎಂದ. ಗಂಡ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಆರಿಸಿದ. ಬಸ್ಸಿನಲ್ಲಿ ಸೀಟಿನ ಪಕ್ಕದಲ್ಲಿಟ್ಟುಕೊಂಡು, ಆ ದಿನ ಒಂದೇ ಒಂದು ಉಬ್ಬಿನ ಮೇಲೂ ಬಸ್ಸು ಕುಣಿಸದೆ ತಂದ. ಇಷ್ಟು ವರ್ಷದಲ್ಲಿ ಇಂಥ ಸವಾರಿ ಕಂಡಿಲ್ಲ ಎಂದು ಕಂಡಕ್ಟರ್ ಗೊಣಗಿದನಂತೆ.

ಆಮೇಲೆ ಬೆಸುಗೆ. ಹಳೆಯ ಆಂಪ್ಲಿಫೈಯರನ್ನು ಪಕ್ಕದಲ್ಲಿಟ್ಟುಕೊಂಡು, ಯಾವುದು ಎಲ್ಲಿಗೆ ಹೋಗಿದೆ ಎಂದು ಬೆರಳಿಟ್ಟು ನೋಡಿ, ಹಾಗೆಯೇ ಹೊಸ ತಗಡಿನ ಮೇಲೆ ಜೋಡಿಸಿದಳು. ಒಂದು ಬಿಡಿಭಾಗವನ್ನೂ ಬಿಡಲಿಲ್ಲ. ಬಿಟ್ಟದ್ದು ಕಾಗೆ ಗೂಡನ್ನು ಮಾತ್ರ. ಗಿಟಾರಿನಿಂದ ಬರುವ ತಂತಿ, ವಾಲ್ವು ಕಾಯಿಸುವ ತಂತಿ, ಸ್ಪೀಕರಿಗೆ ಹೋಗುವ ತಂತಿ, ಎಲ್ಲವನ್ನೂ ಒಟ್ಟು ಸೇರಿಸಿ, ತಗಡಿನ ಅಂಚಿನುದ್ದಕ್ಕೂ ಓಡಿಸಿ, ಮೇಣದ ದಾರದಲ್ಲಿ ಗಂಟು ಗಂಟಾಗಿ ಬಿಗಿದಳು. ಬಿಗಿದು ಮುಗಿಸಿ ಹಿಂದಕ್ಕೆ ಸರಿದು ನೋಡಿದಳು. ನಾದಿನಿಯನ್ನು ಮಹಡಿಯಿಂದ ಕೂಗಿ ಕರೆದು ತೋರಿಸಿದಳು.

"ಒಡವೆ ಇದ್ದ ಹಾಗಿದೆ ಅತ್ತಿಗೆ" ಎಂದಳು ನಾದಿನಿ.

ಮೊದಲ ಸಲ ಕರೆಂಟು ಕೊಡುವಾಗ ಅಂಗಡಿಯ ಪದ್ಧತಿಯಂತೆ ನಡುವೆ ಒಂದು ಬಲ್ಬು ಸೇರಿಸಿದ್ದಳು. ಒಳಗೆ ಎಲ್ಲಾದರೂ ಶಾರ್ಟ್ ಆಗಿದ್ದರೆ ಬಲ್ಬು ಝಗ್ಗೆಂದು ಉರಿಯುತ್ತದೆ, ಪೆಟ್ಟಿಗೆ ಉಳಿಯುತ್ತದೆ. ಬಲ್ಬು ಒಮ್ಮೆ ಕಣ್ಣು ಬಿಟ್ಟು ಮಂಕಾಯಿತು. ವಾಲ್ವುಗಳ ಹೊಟ್ಟೆಯಲ್ಲಿ ನಿಧಾನವಾಗಿ ಕೆಂಪು ಮೂಡಿತು. ಗಂಡ ಕಪಾಟಿನ ಮೇಲಿಂದ ಗಿಟಾರು ಇಳಿಸಿದ. ಗವುಸು ತೆಗೆದ, ಶ್ರುತಿ ಮಾಡಿದ, ವೈರು ಸಿಕ್ಕಿಸಿದ. ಒಂದು ತಂತಿ ಮೀಟಿದ. ದನಿ ಬಂತು, ಜೊತೆಗೆ ಜೇನುಹುಳದಂತೆ ಗುಂಯ್ ಅನ್ನುವ ಸದ್ದೂ ಬಂತು. ವಾಲ್ಯೂಮ್ ಗುಂಡಿಯನ್ನು ಅರ್ಧ ದಾಟಿಸಿದ್ದೇ ತಡ, ಪೆಟ್ಟಿಗೆ ಕಿವಿ ಹರಿಯುವಂತೆ ಊಳಿಟ್ಟಿತು.

"ಅತ್ತಿಗೇ! ಯಾರನ್ನ ಕೊಲ್ತಾ ಇದ್ದೀರಾ?" ಎಂದು ಮಹಡಿಯಿಂದ ಕೂಗು.

ಅಕ್ಕ ಹೆದರುವವಳಲ್ಲ. ಹೊಸ ಕೆಲಸದಲ್ಲಿ ಮೊದಲ ಸಲ ತೊಂದರೆ ಬರದಿದ್ದರೇ ಅವಳಿಗೆ ಅನುಮಾನ. ವಾಲ್ವು ಬದಲಾಯಿಸಿದಳು, ಊಳು ಹೋಗಲಿಲ್ಲ. ಕೆಪಾಸಿಟರುಗಳನ್ನು ಬದಲಾಯಿಸಿದಳು, ಹೋಗಲಿಲ್ಲ. ಅರ್ತ್ ತಂತಿಯನ್ನು ಬೇರೆ ಜಾಗಕ್ಕೆ ಹಾಕಿ ನೋಡಿದಳು, ಗುಂಯ್ ಸ್ವಲ್ಪ ತಗ್ಗಿತು, ಊಳು ಹಾಗೆಯೇ ಇತ್ತು. ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದಳು. ಪ್ರತಿ ಸಲವೂ ಪ್ಲಗ್ ಕಿತ್ತು, ದೊಡ್ಡ ಕೆಪಾಸಿಟರಿನಲ್ಲಿ ಉಳಿದ ಕರೆಂಟನ್ನು ಇಳಿಸಿ, ಕರೆಂಟು ಎದೆ ದಾಟದಿರಲೆಂದು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಒಳಗೆ ಕೈ ಹಾಕುವುದು ಅವಳ ಕ್ರಮ. ಗಂಡ ದಿನಾ ಡ್ಯೂಟಿ ಮುಗಿಸಿ ಬಂದವನು ಅಂಗಡಿಯ ಸ್ಟೂಲಿನ ಮೇಲೆ, ತನಗೂ ಅದಕ್ಕೂ ಸಂಬಂಧವಿಲ್ಲದ ಹಾಗೆ, ಕಾಲ ಮೇಲೆ ಕಾಲು ಹಾಕಿ ಕೂರುತ್ತಿದ್ದ. ಬೀಳ್ಕೊಡುಗೆ ಹತ್ತಿರ ಬರುತ್ತಿತ್ತು.

"ಮೀಟರ್ ಇಟ್ಟು ನೋಡಿದೆ ರೀ. ಎಲ್ಲ ಕಡೆ ಸರಿಯಾಗಿದೆ ಅಂತಿದೆ."

"ಮೀಟರ್‌ಗೆ ಕಿವಿ ಇಲ್ಲ ಕಣೇ."

"ಹಾಗಾದ್ರೆ ಕಿವಿ ಇರೋರು ಹೇಳಿ, ಎಲ್ಲಿದೆ ಅಂತ."

ಗಂಡ ಎದ್ದು ಮಹಡಿಗೆ ಹೋಗಿ ತಂಗಿಯ ಮರದ ಹೆಣಿಗೆ ಕಡ್ಡಿ ತಂದ. "ಇಂಜಿನ್ ಸದ್ದು ಮಾಡಿದ್ರೆ ನಾವು ಒಂದೊಂದೇ ಒತ್ತಿ ನೋಡ್ತೀವಿ. ಮರದ್ದು, ಶಾಕ್ ಹೊಡೆಯಲ್ಲ. ನೀನು ಒಂದೊಂದು ತಂತೀನ ಸರಿಸ್ತಾ ಹೋಗು, ನಾನು ಕೇಳ್ತೀನಿ." ಕಣ್ಣು ಮುಚ್ಚಿ ಕೂತ. ಅಕ್ಕ ಪೆಟ್ಟಿಗೆ ಊಳಿಡುತ್ತಿರುವಾಗಲೇ ಕಡ್ಡಿಯಿಂದ ಒಂದೊಂದನ್ನೇ ಮುಟ್ಟಿದಳು. ವಾಲ್ವಿನ ಬುಡ, ಕೆಪಾಸಿಟರ್, ಗುಂಡಿಯ ಹಿಂಭಾಗ. ಏನೂ ಬದಲಾಗಲಿಲ್ಲ. ಕಟ್ಟನ್ನು ಒತ್ತಿದಳು. ಊಳು ಕೀರಲಾಯಿತು.

"ಅಲ್ಲೇ" ಎಂದ ಗಂಡ.

ಅಕ್ಕ ಕಡ್ಡಿಯನ್ನು ಮುಂದಕ್ಕೆ ಸರಿಸಿದಳು. "ಇಲ್ಲಿ?"

"ಅಲ್ಲ. ಆಗ ಮುಟ್ಟಿದೆಯಲ್ಲ, ಅಲ್ಲಿ."

ಮತ್ತೆ ಒತ್ತಿದಳು. ಈ ಸಲ ಊಳು ಗೊಗ್ಗರಾಯಿತು. ಗಂಡ ಕಣ್ಣು ತೆರೆದ. "ನಿನ್ನ ಕಟ್ಟಿನಲ್ಲೇ ಇದೆ ಕಣೇ. ಹೋಗೋ ತಂತಿ ಬರೋ ತಂತಿ ಒಂದಕ್ಕೊಂದು ಅಂಟಿಕೊಂಡು ಪಿಸುಗುಟ್ತಾ ಇವೆ. ಬಿಚ್ಚಿಬಿಡು ಅದನ್ನ."

ಇಂಥ ಮಾತನ್ನು ಅಕ್ಕನಿಗೆ ಹೇಳಿ ಬದುಕಿದವರಿಲ್ಲ. ಅವಳು ಸ್ವಿಚ್ ಆರಿಸಿದಳು. "ನನ್ನ ಕಟ್ಟಿನಲ್ಲಿ ತಪ್ಪು ಇದೆ ಅಂತ ಇವತ್ತಿನವರೆಗೆ ಒಬ್ಬನೂ ಹೇಳಿಲ್ಲ. ಗುಜರಿ ವಾಲ್ವು ತಂದವರು ನೀವು, ತಪ್ಪು ನನ್ನ ಕಟ್ಟಿನದ್ದಾ?"

"ವಾಲ್ವು ಬದಲಾಯಿಸಿದೆಯಲ್ಲ ನೀನೇ."

"ಬಿಚ್ಚಲ್ಲ. ಬಿಚ್ಚಿದ್ರೆ ಆ ಕುಡುಕನ ಪೆಟ್ಟಿಗೆಗೂ ಇದಕ್ಕೂ ಏನು ವ್ಯತ್ಯಾಸ?"

"ಆ ಕುಡುಕನ ಪೆಟ್ಟಿಗೆ ಹಾಡ್ತಿತ್ತು" ಎಂದ ಗಂಡ. "ನೀನು ಅದನ್ನ ಕೇಳಿದ್ದರೆ ಗೊತ್ತಿರ್ತಿತ್ತು."

ಅಂದ ಮೇಲೆ ಅವನಿಗೇ ಛೇ ಅನ್ನಿಸಿತು. ಅಕ್ಕ ಮೀಟರ್ ಎತ್ತಿ ಒಳಗಿಟ್ಟಳು. ಗಂಡ ಗಿಟಾರಿಗೆ ಗವುಸು ತೊಡಿಸಿ, "ಹೋಗಲಿ ಬಿಡು. ನಾನು ನುಡಿಸಲೇಬೇಕು ಅಂತ ಏನಿದೆ ಈಗ. ಡಿಪೋದವರಿಗೆ ಹೇಳಿಬಿಡ್ತೀನಿ" ಎಂದು ಮೆಲ್ಲಗೆ ಹೇಳಿ ಒಳಗೆ ಹೋದ. ಕಪಾಟಿನ ಮೇಲೆ ಗಿಟಾರು ಇಟ್ಟ ಸದ್ದು ಅಂಗಡಿಯವರೆಗೂ ಕೇಳಿಸಿತು.

ಮಾರನೆಯ ದಿನ ಮಧ್ಯಾಹ್ನ ಅಕ್ಕ ಅಂಗಡಿಯ ಶಟರನ್ನು ಅರ್ಧ ಎಳೆದಳು. ಹೊರಗೆ ಯಾರೋ "ಅಕ್ಕಾ, ಪಂಪು" ಎಂದದ್ದಕ್ಕೆ ಒಳಗಿಂದಲೇ "ಸಂಜೆಗೆ ಬಾಪ್ಪ" ಎಂದಳು. ಗಿರಾಕಿಯನ್ನು ಹಾಗೆ ಕಳಿಸಿದ್ದು ಅವಳಿಗೇ ಹೊಸದು. ಹಳೆಯ ಆಂಪ್ಲಿಫೈಯರನ್ನು ಕಿಟಕಿಯ ಬೆಳಕಿಗೆ ಹಿಡಿದು, ಕನ್ನಡಕ ಒರೆಸಿಕೊಂಡು, ಆ ಕಾಗೆ ಗೂಡನ್ನು ಮೊದಲ ಸಲ ಬಯ್ಯದೆ ನೋಡಿದಳು.

ಗಿಟಾರಿನಿಂದ ಬರುವ ತಂತಿ ಒಂಟಿಯಾಗಿ, ಯಾರ ಸಹವಾಸವೂ ಬೇಡವೆಂಬಂತೆ ತಗಡಿಗೆ ಆತುಕೊಂಡು ಹೋಗಿತ್ತು. ವಾಲ್ವು ಕಾಯಿಸುವ ಎರಡು ತಂತಿಗಳು ಒಂದಕ್ಕೊಂದು ಹೆಣೆದುಕೊಂಡು ಗಾಳಿಯಲ್ಲಿ ಮೇಲೆ ನಿಂತಿದ್ದವು. ಅವೇ ಅವಳು ನೇತಾಡುತ್ತಿವೆ ಎಂದದ್ದು. ಸ್ಪೀಕರಿಗೆ ಹೋಗುವ ತಂತಿ ಎದುರು ಮೂಲೆಯಿಂದ ಹೊರಬಿದ್ದಿತ್ತು, ಬೇಕೆಂದೇ ಸುತ್ತು ಬಳಸಿ. ಒಂದು ತಂತಿ ಇನ್ನೊಂದನ್ನು ದಾಟಬೇಕಾದಲ್ಲೆಲ್ಲ ನೆಟ್ಟಗೆ ಅಡ್ಡ ದಾಟಿತ್ತು, ಜೊತೆಜೊತೆಗೆ ಒಂದು ಅಂಗುಲವೂ ನಡೆದಿರಲಿಲ್ಲ. ಕಟ್ಟಿದವನು ಕುಡಿದಿರಲಿಲ್ಲ. ಪ್ರತಿಯೊಂದನ್ನೂ ಯೋಚಿಸಿಯೇ ದೂರ ಇಟ್ಟಿದ್ದ. ಅವನು ಮಾಡಿದ್ದೆಲ್ಲವನ್ನೂ ನಕಲು ಮಾಡಿ, ಅವನು ಮುಖ್ಯವಾಗಿ ಮಾಡಿದ್ದನ್ನೇ ಬಿಟ್ಟಿದ್ದೆನಲ್ಲ ಎಂದು ಅಕ್ಕನಿಗೆ ನಾಚಿಕೆಯಾಯಿತು. ಮುಖ ಗೊತ್ತಿಲ್ಲದ ಅವನ ಕ್ಷಮೆ ಕೇಳಬೇಕೆನ್ನಿಸಿ, "ತಪ್ಪಾಯ್ತಪ್ಪ" ಎಂದು ಆ ಸುಟ್ಟ ಪೆಟ್ಟಿಗೆಗೇ ಹೇಳಿದಳು.

ಬ್ಲೇಡು ತೆಗೆದುಕೊಂಡು ಮೊದಲ ಗಂಟು ಕೊಯ್ದಳು. ಇನ್ನೊಂದು ಕೊಯ್ದಳು. ದಾರದ ತುಂಡುಗಳು ಮಡಿಲಲ್ಲಿ ಉದುರುತ್ತ ಹೋದವು. ಎಲ್ಲವನ್ನೂ ಕೊಯ್ದು ಮುಗಿಸಿದಾಗ ತಂತಿಗಳು ತಮಗೆ ತಾವೇ ಚೆದುರಿ ಹೊರಳಿಕೊಂಡವು. ಗಿಟಾರಿನ ತಂತಿಯನ್ನು ಬೇರೆ ಮಾಡಿ ತಗಡಿಗೆ ಒತ್ತಿದಳು. ವಾಲ್ವು ಕಾಯಿಸುವುದನ್ನು ಹೆಣೆದು ಮೇಲೆತ್ತಿದಳು. ಸ್ಪೀಕರಿನದನ್ನು ಎದುರು ಮೂಲೆಗೆ ಅಟ್ಟಿದಳು. ಮುಗಿಸಿ ನೋಡಿದರೆ ಸಾಕ್ಷಾತ್ ಕಾಗೆ ಗೂಡು. ಯಾರಾದರೂ ಕಂಡಾರೆಂದು ಶಟರಿನ ಕಡೆ ಒಮ್ಮೆ ನೋಡಿಕೊಂಡಳು.

ಕರೆಂಟು ಕೊಟ್ಟಳು. ವಾಲ್ವು ಕಾಯಲು ಬಿಟ್ಟಳು. ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ತಂದು ಕಿವಿಯ ಮೇಲೆ ಕೈಯಿಟ್ಟುಕೊಂಡಳು. ಏನೂ ಇಲ್ಲ. ಪೂರ್ತಿ ತಿರುಗಿಸಿದಳು. ದೂರದ ಒಲೆಯಲ್ಲಿ ನೀರು ಕಾಯುವಂಥ ಸಣ್ಣ ಸುಂಯ್ ಬಿಟ್ಟರೆ ಪೆಟ್ಟಿಗೆ ತೆಪ್ಪಗಿತ್ತು. ಅಕ್ಕ ತಕ್ಷಣ ಸ್ವಿಚ್ ಆರಿಸಿ, ಹಿಂದಿನ ಹಲಗೆ ಮುಚ್ಚಿ ಇದ್ದಬದ್ದ ಸ್ಕ್ರೂಗಳನ್ನೆಲ್ಲ ಬಿಗಿದಳು.

ಗಂಡ ಬಂದಾಗ ಪೆಟ್ಟಿಗೆ ಮೇಜಿನ ನಡುವೆ ಕೂತಿತ್ತು, ಪಕ್ಕದಲ್ಲಿ ಗವುಸು ತೆಗೆದ ಗಿಟಾರು. ಅಕ್ಕ ಪಂಪಿನ ಮೋಟಾರು ಸುತ್ತುತ್ತ ತಲೆ ಎತ್ತಲಿಲ್ಲ. ಗಂಡ ಕಸದ ಬುಟ್ಟಿಯಲ್ಲಿ ಬಿದ್ದಿದ್ದ ಮೇಣದ ದಾರದ ತುಂಡುಗಳನ್ನು ಒಂದು ಕ್ಷಣ ನೋಡಿದ. ವೈರು ಸಿಕ್ಕಿಸಿ ಒಂದೇ ಒಂದು ಸಲ, ಎಲ್ಲ ತಂತಿಗಳ ಮೇಲೂ ಹೆಬ್ಬೆರಳು ಎಳೆದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಅಷ್ಟಕ್ಕೇ ಕೈ ಇಟ್ಟು ತಂತಿಗಳನ್ನು ಸುಮ್ಮನಾಗಿಸಿ ಸ್ವಿಚ್ ಆರಿಸಿಬಿಟ್ಟ.

"ಯಾಕ್ರೀ? ಸರಿಯಿಲ್ವಾ?"

"ಸರಿಯಿದೆ. ಅದಕ್ಕೇ ಈಗ ಬೇಡ. ಆ ದಿನ ಎಲ್ಲರ ಜೊತೆ ಕೂತು ಕೇಳು. ಬರ್ತೀಯಲ್ಲ?"

"ಬರದೆ?" ಎಂದಳು ಅಕ್ಕ. "ನಾನಿಲ್ಲದಿದ್ರೆ ಪೆಟ್ಟಿಗೆ ನೋಡ್ಕೊಳ್ಳೋರು ಯಾರು?"

ಬೀಳ್ಕೊಡುಗೆ ಎರಡು ಪಾಳಿಗಳ ನಡುವಿನ ಹೊತ್ತಿನಲ್ಲಿ. ವರ್ಕ್‌ಶಾಪಿನಿಂದ ಬಸ್ಸುಗಳನ್ನು ಹೊರಗೆ ನಿಲ್ಲಿಸಿ, ಎಣ್ಣೆ ಕಲೆಯ ನೆಲ ಗುಡಿಸಿ, ಕುರ್ಚಿ ಹಾಕಿದ್ದರು. ಟೈರುಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲೆ ಹಲಗೆಯಿಟ್ಟು, ಅದೇ ವೇದಿಕೆ. ಅಕ್ಕ ಚೀಲ ಹಿಡಿದು ಬಂದಳು. ಚೀಲದಲ್ಲಿ ಸ್ಕ್ರೂಡ್ರೈವರು, ಇಕ್ಕಳ, ಕಾಲುಚೀಲದಲ್ಲಿ ಸುತ್ತಿದ ಒಂದು ಹೆಚ್ಚಿನ ವಾಲ್ವು, ನಾದಿನಿಯ ಹೆಣಿಗೆ ಕಡ್ಡಿ. ಮುಂದಿನ ಸಾಲಿನಲ್ಲಿ ಅವಳಿಗೆಂದೇ ಖಾಲಿ ಬಿಟ್ಟಿದ್ದ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಪೆಟ್ಟಿಗೆಯ ಹಿಂದೆ ಹಾಕಿಕೊಂಡು ಕೂತಳು. ಡಿಪೋದ ಎಲೆಕ್ಟ್ರಿಷಿಯನ್ ಬಂದು, "ಅಕ್ಕಾ, ನಿಮ್ಮ ಕಟ್ಟು ತುಂಬ ಚೆನ್ನಾಗಿರುತ್ತಂತೆ, ಒಳಗೆ ಒಂಚೂರು ತೋರಿಸ್ತೀರಾ?" ಎಂದ. "ಬಿಸಿ ಇದೆ, ಮುಟ್ಟಬೇಡ" ಎಂದು ಅವನನ್ನು ಸಾಗಹಾಕಿದಳು.

ಗಂಡ ನುಡಿಸಲು ಶುರು ಮಾಡಿದ. ಅಕ್ಕ ಕೇಳಿದಳು, ಆದರೆ ಕೇಳಿದ್ದು ಪೆಟ್ಟಿಗೆಯನ್ನು. ಟ್ರಾನ್ಸ್‌ಫಾರ್ಮರಿನ ಮೇಲೆ ಅಂಗೈಯಿಟ್ಟು ಬಿಸಿ ನೋಡಿದಳು. ವಾಲ್ವಿನ ಕೆಂಪು ಹೆಚ್ಚಾಯಿತೇ ಎಂದು ಬಗ್ಗಿ ನೋಡಿದಳು. ಎಲ್ಲೋ ಒಂದು ಸ್ಕ್ರೂ ನಡುಗುತ್ತಿದೆ ಎನ್ನಿಸಿ ಬೆರಳಿನಿಂದ ಒತ್ತಿ ಹಿಡಿದಳು. ತುಟಿ ತನ್ನ ಪಾಡಿಗೆ ಎಣಿಸುತ್ತಿತ್ತು, ಏನನ್ನು ಎಂದು ಅವಳಿಗೇ ಗೊತ್ತಿಲ್ಲ. ಎದುರಿಗೆ ಮೆಕ್ಯಾನಿಕ್ಕುಗಳು ಕಾಲು ಕುಣಿಸುತ್ತಿದ್ದರು, ನಾದಿನಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಮೊದಲನೆಯದು ಮುಗಿದು ಚಪ್ಪಾಳೆ ಬಿದ್ದಾಗ, ಓ ಮುಗಿಯಿತೇ, ಕೆಡಲಿಲ್ಲವಲ್ಲ ಎಂದು ನಿಟ್ಟುಸಿರು ಬಿಟ್ಟಳು.

ಎರಡನೆಯದರ ನಡುವೆ ಗಂಡ ನಿಲ್ಲಿಸಿಬಿಟ್ಟ. ಅಕ್ಕನ ಕೈ ಸ್ಕ್ರೂಡ್ರೈವರಿಗೆ ಹೋಯಿತು. ಗಂಡ ತಿರುಗಿ ನೋಡಿದ. ಹೆಂಡತಿ ಪೆಟ್ಟಿಗೆಯ ಬೆನ್ನಿಗೆ ಕಿವಿ ಹಚ್ಚಿಕೊಂಡು ಕೂತಿದ್ದಳು.

"ಏನೇ, ಅದರ ಎದೆಬಡಿತ ನೋಡ್ತಿದ್ದೀಯಾ?" ಎಂದ. ಮೈಕಿನಲ್ಲಿ ಅದು ವರ್ಕ್‌ಶಾಪಿಗೆಲ್ಲ ಕೇಳಿಸಿ ಜನ ಘೊಳ್ಳೆಂದರು. ಗಂಡ ಮೈಕು ಸರಿಸಿ ಬಗ್ಗಿ ಅವಳಿಗೆ ಮಾತ್ರ ಕೇಳುವ ಹಾಗೆ ಹೇಳಿದ. "ಆ ಹೋಟೆಲಿನಲ್ಲಿ ಅಷ್ಟು ವರ್ಷ ಶನಿವಾರ ಶನಿವಾರ ಬಾಗಿಲ ಕಡೆ ನೋಡ್ಕೊಂಡು ನುಡಿಸಿದೀನಿ ಕಣೇ. ಇವತ್ತು ಬಂದಿದ್ದೀಯ. ಬಂದು ಹಿಂದೆ ಕೂತಿದ್ದೀಯಲ್ಲ."

ಅಕ್ಕ ಪೆಟ್ಟಿಗೆಯಿಂದ ಕಿವಿ ತೆಗೆದಳು. ಅವನು ಬಾಗಿಲ ಕಡೆ ನೋಡುತ್ತಿದ್ದ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. "ಯಾರಾದ್ರೂ ನೋಡ್ಕೋಬೇಕಲ್ಲ ರೀ. ಕೂಗಿಬಿಟ್ರೆ?" ಎಂದಳು, ಸಣ್ಣ ದನಿಯಲ್ಲಿ.

"ಕೂಗಿದ್ರೆ ಕೂಗ್ಲಿ. ಎಲ್ಲರೂ ಕೇಳ್ತಾರೆ, ಅಷ್ಟೇ ತಾನೆ."

ನಾದಿನಿ ಬಂದು ಅತ್ತಿಗೆಯ ಕೈಯಿಂದ ಚೀಲ ಕಿತ್ತುಕೊಂಡಳು. ಎಲೆಕ್ಟ್ರಿಷಿಯನ್ ಕುರ್ಚಿ ಎತ್ತಿ ಮುಂದಿನ ಸಾಲಿನ ನಡುವೆ ಹಾಕಿದ. ಅಕ್ಕ ಹೋಗಿ ಕೂತಳು, ಕೈ ಎಲ್ಲಿಡಬೇಕೆಂದು ತೋಚದೆ ಮಡಿಲಲ್ಲಿಟ್ಟುಕೊಂಡಳು. ಗಂಡನ ಕಾಲ ಬಳಿ ಗಿಟಾರಿನ ವೈರು ಹೇಗೆ ಬೇಕೋ ಹಾಗೆ ಬಿದ್ದುಕೊಂಡಿತ್ತು. ಅದನ್ನು ಸುರುಳಿ ಸುತ್ತಿ ಕಟ್ಟಿಬಿಡಬೇಕೆಂದು ಬೆರಳು ತುರಿಸಿತು. ತುರಿಸಲಿ ಎಂದು ಬಿಟ್ಟಳು.

ಗಂಡ ಮೊದಲಿನಿಂದ ಎತ್ತಿಕೊಂಡ. ಮನೆಯಲ್ಲಿ ಟಿಕ್ ಟಿಕ್ ಎಂದು ಅವಳು ಎಷ್ಟೋ ಸಲ ಕೇಳಿದ್ದ ಅದೇ ಧಾಟಿ. ಆಗ ಅದು ಮೂಳೆ ಮಾತ್ರವಾಗಿತ್ತು, ಈಗ ಮೈ ತುಂಬಿಕೊಂಡು ಬಂದಿತ್ತು. ಒಂದೊಂದು ಸ್ವರವೂ ಬಂದು ಸ್ವಲ್ಪ ಹೊತ್ತು ನಿಂತು, ಅಂಚಿನಲ್ಲಿ ಚೂರು ಒಡೆದು, ಬಿಸಿಯಾಗಿ ಎದೆಗೆ ತಾಗಿ ಹೋಗುತ್ತಿತ್ತು. ಎಲ್ಲಿ ಇವನು ಯಾವಾಗಲೂ ನಿಂತು ಯೋಚಿಸುತ್ತಾನೆ ಎಂದು ಅವಳು ಅಡುಗೆಮನೆಯಲ್ಲಿ ಅಂದುಕೊಂಡಿದ್ದಳೋ, ಅಲ್ಲಿ ಅವನು ನಿಲ್ಲುತ್ತಲೇ ಇರಲಿಲ್ಲ, ಸ್ವರ ಇನ್ನೂ ಹಾಡುತ್ತಲೇ ಇತ್ತು. ಬರಿ ತಂತಿಯಲ್ಲಿ ಅದು ಕೇಳುತ್ತಿರಲಿಲ್ಲ, ಅಷ್ಟೇ. ನಡುವೆ ಪೆಟ್ಟಿಗೆ ಒಮ್ಮೆ ಸಣ್ಣಗೆ ಗುಂಯ್ ಎಂದಿತು. ಅಕ್ಕನ ಕಿವಿ ಅದನ್ನು ಹಿಡಿಯಿತು, ಬಿಟ್ಟಿತು. ಗಂಡ ಬಾಗಿಲ ಕಡೆ ನೋಡಲಿಲ್ಲ, ಅವಳ ಕಡೆ ನೋಡುತ್ತ ನುಡಿಸಿದ. ಇವನು ಇಷ್ಟು ಚೆನ್ನಾಗಿದ್ದಾನೆ ಎಂದು ಅಕ್ಕನಿಗೆ ಅನ್ನಿಸಿತು, ಮದುವೆಯಾಗಿ ಇಷ್ಟು ಕಾಲವಾದ ಮೇಲೆ.

ಮನೆಗೆ ತಮ್ಮ ಬೀದಿಯ ಕಡೆಯ ಸಿಟಿ ಬಸ್ಸಿನಲ್ಲೇ ಹೊರಟರು. ಬೇರೆ ಯಾರೋ ಓಡಿಸುತ್ತಿದ್ದ. ಗಂಡ ಪ್ರಯಾಣಿಕನಂತೆ ಹೆಂಡತಿಯ ಪಕ್ಕ ಕೂತಿದ್ದ, ಪೆಟ್ಟಿಗೆ ಇಬ್ಬರ ಕಾಲ ನಡುವೆ. ನಾದಿನಿ ಹಿಂದಿನ ಸೀಟಿನಲ್ಲಿ ಗಿಟಾರು ತಬ್ಬಿಕೊಂಡು ನಿದ್ದೆ ಹೋಗಿದ್ದಳು. ಪೆಟ್ಟಿಗೆ ಇನ್ನೂ ಬೆಚ್ಚಗಿತ್ತು. ಬಸ್ಸು ಎರಡು ಮೂರು ನಿಲ್ದಾಣ ದಾಟಿತು.

"ಹೇಗಿತ್ತೇ?" ಎಂದ ಗಂಡ ಕೊನೆಗೆ, ಕಿಟಕಿಯ ಹೊರಗೆ ನೋಡುತ್ತ.

ಹೊಗಳುವ ಮಾತು ಅಕ್ಕನಿಗೆ ಮೊದಲಿಂದಲೂ ಬರುತ್ತಿರಲಿಲ್ಲ.

"ಎಣಿಸೋದೇ ಮರೆತುಹೋಯ್ತು ರೀ" ಎಂದಳು.

ಗಂಡ ಅವಳ ಕಡೆ ತಿರುಗಿದ. ಪೆಟ್ಟಿಗೆಯ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟ. ತಾನೇ ಅಷ್ಟು ವರ್ಷ ಬಸ್ಸು ನಿಲ್ಲಿಸಿದ ತಮ್ಮ ಬೀದಿಯ ನಿಲ್ದಾಣ ಬಂತು, ಇಳಿಯುವವರು ಇಳಿದರು, ಬಸ್ಸು ಮುಂದಕ್ಕೆ ಹೊರಟಿತು. ಇಬ್ಬರೂ ನೋಡಲಿಲ್ಲ.